ರೊಟ್ಟಿಯಷ್ಟು ಬಿಸಲು

ಕಪ್ಪತಗುಡ್ಡದ ಕಡಿಂದ ಬರೂ ಗಾಳಿಗೆ
ನಮ್ಮ ಬಾಗಲದ ಸಂದಿ ಗೊತ್ತು.
ಹಳೆ ದೋತರ ಸುತ್ತಿ ತುರುಕೇನಿ,
ಆದರೂ ಸೀಟಿ ಹೊಡಿತೈತಿ
ಟೇಶನ್ನಿನ್ಯಾಗ ಗಾಡಿ ಬಿಟ್ಟಂಗ.

ನಮ್ಮ ಮೂರಕ್ಕೂ ಕೆಮ್ಮು.
ನಾಕನೇದು ಬಾಜೂ ಮನಿ ಹಸೀನಾನ ಮುನ್ನಾ.
"ಬಾಜಾರಕ್ಕ ಹೋಗಿ ಬರ್ತೀನಿ, ಹೊರಗ ಬಿಡಬ್ಯಾಡ್ರಿ ಅಕ್ಕಾ"
ಅಂದು ಟೊಪಗಿ ಬಿಗದು ಕುಂದರಿಸಿ ಹೋಗ್ಯಾಳ.
ಮಂಗಳವಾರಕ್ಕ ಸೀರಿ ಇಳೀಬೇಕು,
ಸೆರಗ ಇನ್ನೂ ಮೂರು ಮೊಳ.
ನನ್ನ ಕಾಲು ಮಗ್ಗದ ಕುಣಿಯಾಗ, ಕೈ ಲಾಳಿ ಮ್ಯಾಲ,
ಕಿವಿ ಮನಿ ತುಂಬ.

ಎಂಟು ಹೊಡಿಯೂದರಾಗ
ಚೌಕಾಬಾರಾ ಮುಗದು ಹುಣಸಿಬೀಜಕ್ಕ ಬಡದಾಟ ಆತು.
ಒಗಟ ಹಾಕಿದೆ. ನನಗ ಬರೂವು ಐದ.
ಐದನ್ನೂ ಒಡದು ಬನಕ್ಕ
"ಬ್ಯಾರೇದು ಹೇಳಬೇ" ಅಂದ್ಲು.
ಮೊಬೈಲು ಅವರಪ್ಪನ ಕಿಸೆದಾಗ ಗಜೇಂದ್ರಗಡಕ್ಕ ಹೋಗೈತಿ.
ವಿರುಪ ಕಂಡಿಕಿ ಸಾಲು ಹಚ್ಚಿ ಗೂಡ್ಸ್ ಗಾಡಿ ಮಾಡಿದ,
ಗುಲಾಬಿ ರೇಶಿಮಿ ಡಬ್ಬಿ ಹಳಿ ತಪ್ಪಿ
ಕುಣಿಯಾಗ ಬಿತ್ತು.
ನಾ ಒದರಿದೆ. ಗಂಗಿ ಅತ್ತಳು.
ಅಳಕೋತ ಮ್ಯಾಲ ನೋಡಿ ಸುಮ್ಮನಾದಳು.

ನಮ್ಮ ಮಾವ ಇದ್ದಾಗ ಮಾಳಿಗಿಗೆ
ಒಡಕು ಗಡಿಗಿಯ ಕಂಠ ಹುಗದು ಗಾಜು ಮುಚ್ಚಿದ ಬೆಳಕಿಂಡಿ.
ಅದರೊಳಗಿಂದ ಬಿಸಲು
ಪಡುವಣ ಗ್ವಾಡಿಗೆ, ಗಡಿಯಾರದ ಬಾಜೂಕ,
ಮಾವಿನ ವಾಟಿಯಂಗ ಉದ್ದಕ ಅಂಟಿತ್ತು.
"ಅವ್ವಾ, ಅದು ಇಳಿತೈತೇನ?"
"ಇಳಿತೈತಿ. ಯಾರ ಕಾಲಿಗೆ ಮೊದಲ ಬರತೈತೋ
ಅವರಿಗೆ ಬೊಗಸಿ ಶೇಂಗಾ."
ಬಾಯಿಗೆ ಬಂದದ್ದು ಅಂದೆ.
ನಾಕೂ ಗ್ವಾಡಿ ಬುಡಕ ಹೋಗಿ
ಕಾಲು ಚಾಚಿ ಕುಂತುಬಿಟ್ಟುವು.

ಒಂದು ಕಂಡಿಕಿ ಮುಗದರ
ಬಿಸಲಿನ ಸುತ್ತ ಒಂದು ಸೀಮೆಸುಣ್ಣದ ಗೆರಿ.
ಇದು ಬನಕ್ಕನ ಕಾಯ್ದೆ.
"ಮುಗೀತೇನಬೇ? ಲಗೂ ನೇಯಬೇ!"
ನನ್ನ ಅತ್ತಿನೂ ಹಿಂಗ ಅವಸರ ಮಾಡಿರಲಿಲ್ಲ.
ಗಡಿಯಾರದ ಕೆಳಗ ಒಂದು ಗೆರಿ, ಗೂಟದ ಮ್ಯಾಲ ಒಂದು,
ಕ್ಯಾಲೆಂಡರಿನ ಅಮಾಸಿ ಮ್ಯಾಲೂ ಒಂದು.
ಮುನ್ನಾ ಮೆಲ್ಲಕ ಅಂದ:
"ಬಿಸಲು ನಿಂತೈತಿ. ಮನೀನ ಸರಿಯಾಕತ್ತೈತಿ."
"ಮನಿ ಹೆಂಗ ಸರಿತೈತೋ ಹುಚ್ಚಾ,
ಹೊಸ್ತಿಲ ಅಲ್ಲೇ ಐತಲ್ಲ!"
ಎಲ್ಲಾರೂ ಹೊಸ್ತಿಲ ನೋಡಿದರು. ನಾನೂ.

ಇಳೀತು. ಕಾಲಿಗಲ್ಲ,
ಮೊದಲ ಮುನ್ನಾನ ಟೊಪಗಿಗೆ.
"ಟೊಪಗಿ ಲೆಕ್ಕಕ್ಕಿಲ್ಲ!" ವಿರುಪ.
"ತಲಿ ಐತಲ್ಲ ಒಳಗ!" ಮುನ್ನಾ.
ನ್ಯಾಯ ನನ್ನ ಕಡೆ ಬರೂದರಾಗ
ಬಿಸಲು ನೆಲಕ್ಕಿಳದು ರೊಟ್ಟಿಯಂಗ ದುಂಡಗಾಗಿತ್ತು,
ಒಬ್ಬರವು ಎರಡು ಪಾದ ಹಿಡಿಯೂವಷ್ಟು.
ಪಾಳಿ ಹಚ್ಚಿದರು:
ಲಾಳಿ ಐವತ್ತು ಸಲ ಹಾಯ್ದರ ಒಬ್ಬರದು ಮುಗೀತು.
ಗಂಗಿ ಎಣಿಸಿದಳು: ಒಂದ, ಎರಡ, ಏಳ, ಏಳ.
ಮುನ್ನಾ ಕಾಲಚೀಲ ಕಳದ. ಹೆಬ್ಬಟ್ಟಿಗೆ ತೂತು.
ತನ್ನ ಪಾಳಿಯಾಗ ಗಂಗೀನ್ನ ಪಾದದ ಮ್ಯಾಲ ನಿಂದರಿಸಿಕೊಂಡ.
ಆಕಿ ಏಳು ದಾಟಲೇ ಇಲ್ಲ,
ಇಬ್ಬರೂ ಭಾಳೊತ್ತು ಬೆಚ್ಚಗಿದ್ದರು.

ಮೂರರ ಸುಮಾರು
ಬಿಸಲು ಕುಣಿ ದಂಡಿ ಏರಿ, ನನ್ನ ಮೊಣಕೈ ದಾಟಿ
ಸೆರಗಿನ ಮ್ಯಾಲ ಕುಂತಿತು.
ಗುಲಾಬಿ ಬಣ್ಣ ಹಿಂಗಿತ್ತೇನ ಅನಿಸಿತು.
"ಅವ್ವಾ, ಈಗ ನಿನ್ನ ಪಾಳಿ."
ಲಾಳಿ ಇಟ್ಟೆ. ಎರಡೂ ಅಂಗೈ ಬಿಸಲಿಗೆ ಹಿಡದೆ.
ಲಾಳಿ ನಿಂತ ಮ್ಯಾಲ ಎಣಿಸೂದು ಯಾತರಿಂದ?
ನಾಕೂ ಬಾಯಿಲೇ
ಲಟಕ್ ಪಟಕ್ ಅಂದು ಐವತ್ತು ಮುಗಿಸಿದರು.
ಅಷ್ಟರಾಗ ವಿರುಪ
ಗೆರಿ ಎಳಿಯಾಕ ಸೀಮೆಸುಣ್ಣ ಹಿಡದು ಸೀರಿಗೆ ಬಗ್ಗಿದ್ದ.
"ಏ! ಏ! ಅದರ ಮ್ಯಾಲ ಬ್ಯಾಡೋ!"

ರಾತ್ರಿ ಮೂರೂ ಒಂದ ಕೌದಿಯಾಗ.
ದೀಪ ಆರಿಸಿದೆ. ಗಾಳಿ ಸೀಟಿ ಸುರು ಮಾಡಿತು.
ನಡುಗ್ವಾಡಿ ಆಚಿಂದ ಮುನ್ನಾನ ದನಿ:
"ಕಾಕೂ! ಶೇಂಗಾ?"
ಕೌದಿಯೊಳಗಿಂದ ವಿರುಪ:
"ಟೊಪಗಿ ಲೆಕ್ಕಕ್ಕಿಲ್ಲಾ!"