ನೂಲಿನ ಧೂಳು

ತಪ್ಪು ನನ್ನದೇ. ಒಪ್ಪಿಕೊಂಡುಬಿಡುತ್ತೇನೆ.
ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ
ಎನ್ನುವವರ ಪೈಕಿ ನಾನು.
ಹವಾಮಾನ ಹೇಳುವ ಗಿಳಿ,
ಪರದೆಯ ಮೂಲೆಯಲ್ಲಿ ಈಜುವ ಮೀನು,
ರಾಶಿಫಲ, ಮೂರು ಥರದ ಗಡಿಯಾರ.
ಕಿಟಕಿಯಾಚೆ ಕತ್ತು ಚಾಚಿದರೆ ಮಳೆ ಕಾಣುತ್ತಿತ್ತು,
ಆದರೂ ಗಿಳಿ ಬೇಕಾಯಿತು.

ಆಮೇಲೆ ಬಂದದ್ದು
ಎರಡು ಸಾವಿರದ ಮುನ್ನೂರು ದೋಷಗಳಿವೆ ಎಂದು
ಕೆಂಪಗೆ ಕಿರುಚುವ ಇನ್ನೊಂದು ಬಿಟ್ಟಿ ಪೊರಕೆ.
ಪೊರಕೆಯೇ ಕಸ ತಂದು ಸುರಿಯಿತು.

ನಸುಕಿನಲ್ಲಿ ಟ್ರಾಮ್ ಡಿಪೋಗೆ ಹೊರಡುವ ಮುಂಚೆ ಗುಂಡಿ ಒತ್ತಿದರೆ
ಚಹಾ ಕುದಿದು, ಕುಡಿದು, ಲೋಟ ತೊಳೆದು ಕವುಚಿಟ್ಟರೂ
ಆ ಪುಟ್ಟ ಚಕ್ರ ತಿರುಗುತ್ತಲೇ ಇರುತ್ತಿತ್ತು.

ಬೋಗ್ನಾ ಬೈಯಲಿಲ್ಲ. ಪೆಟ್ಟಿಗೆಗೆ ಕಿವಿಗೊಟ್ಟಳು.
ಇಪ್ಪತ್ತಾರು ವರ್ಷ ವೂಚ್ ಊರಿನ ಮಿಲ್ಲಿನಲ್ಲಿ ನಿಂತ ಕಿವಿ ಅದು,
ನಲವತ್ತು ಮಗ್ಗಗಳ ಗದ್ದಲದೊಳಗಿಂದ
ಹರಿದ ಒಂದೇ ಎಳೆಯನ್ನು ಹೆಕ್ಕುತ್ತಿದ್ದದ್ದು.
"ಉಸಿರು ಕಟ್ಟಿದೆ ಇದಕ್ಕೆ."

ಬೆಣ್ಣೆ ಚಾಕುವಿನಲ್ಲೇ ನಾಲ್ಕು ತಿರುಪು ಬಿಚ್ಚಿದಳು.
ಒಳಗೆ, ಫ್ಯಾನಿನ ರೆಕ್ಕೆರೆಕ್ಕೆಗೂ ಹಿಂಜಿಟ್ಟಂಥ ಬೂದು ಅರಳೆ.
ಬೆರಳಲ್ಲಿ ಹೊಸೆದಳು, ಬೆಳಕಿಗೆ ಹಿಡಿದಳು:
"ಉಣ್ಣೆ. ನಿನ್ನ ಹಸಿರು ಸ್ವೆಟರಿನದು."

ಕಣ್ಣಿಗೆ ಕಂಡ ಧೂಳು ಕುಂಚಕ್ಕೆ ಬಂತು.
ಕಾಣದ್ದಕ್ಕೆಂದು ಗ್ರಂಥಾಲಯದ ತಿಮೊನ್‌ನನ್ನು ಹುಡುಕಿಕೊಂಡು ಹೋಗಿ
ಬಟಾಣಿಕಾಯಿಯಷ್ಟು ಪೆನ್‌ಡ್ರೈವ್ ತಂದಳು.
"ಇದೂ ಬಿಟ್ಟಿಯಾ?" ಅಂದೆ, ಸ್ವಲ್ಪ ಗೆದ್ದವನಂತೆ.
"ಬಿಟ್ಟಿಯದಲ್ಲ, ಬಿಚ್ಚಿಟ್ಟದ್ದು.
ಬಟ್ಟೆ ಕೊಳ್ಳುವಾಗ ಮಗುಚಿ ನೋಡುತ್ತೇನಲ್ಲ,
ಹಾಗೆ ಇದರ ಹಿಂಬದಿಯನ್ನು ಯಾರು ಬೇಕಾದರೂ ನೋಡಬಹುದಂತೆ."
"ನೋಡಿದರೆ ನಿನಗೆ ತಿಳಿಯುತ್ತದಾ?"
"ಇಲ್ಲ. ಆದರೆ ಮಗುಚಲು ಬಿಡದ ಅಂಗಡಿಯವನ
ಮುಖ ಹೇಗಿರುತ್ತದೆ, ಅದು ತಿಳಿಯುತ್ತದೆ."

ಭಾನುವಾರವಿಡೀ ಕೂತಳು.
ಮೀನು ಹೋಯಿತು. ರಾಶಿಫಲ ಹೋಯಿತು, ಯಾವ ಮುನ್ಸೂಚನೆಯೂ ಇಲ್ಲದೆ.
ಕಿರುಚುವ ಪೊರಕೆ ಹೋಗಲೊಲ್ಲದು,
ಎರಡು ಸಲ ಹೊರದಬ್ಬಿದರೂ ಹಿತ್ತಲ ಬಾಗಿಲಿಂದ ಬಂತು,
ಮೂರನೆಯದಕ್ಕೆ ಬೇರುಸಮೇತ.
ಖಂಡಿತವಾಗಿಯೂ ಅಳಿಸಬೇಕೇ, ಕೇಳುತ್ತಿತ್ತು ಪರದೆ.
ಖಂಡಿತ. ಖಂಡಿತ. ಖಂಡಿತ.
ನಮ್ಮ ಮದುವೆಯ ದಿನವೂ ಅವಳು ಆ ಮಾತನ್ನು
ಇಷ್ಟು ಸಲ, ಇಷ್ಟು ಬೇಗ ಹೇಳಿರಲಿಲ್ಲ.

ಈ ಊರಿನ ಹೆಸರಿಗೆ ದೋಣಿ ಎಂದರ್ಥ.
ದೋಣಿ ಬಿಡೋಣವೆಂದರೆ ನದಿಗಳೆಲ್ಲ ಬೀದಿಯ ಕೆಳಗೆ, ಕೊಳವೆಯಲ್ಲಿ.
ಗುಂಡಿ ಒತ್ತಿದೊಡನೆ ತಾವಾಗಿ ಎದ್ದೇಳುವವುಗಳ ಪಟ್ಟಿ ತೆರೆದಳು.
ಕರೆಯದೆ ಎದ್ದು, ಕಾಣದೆ ಹರಿಯುವಂಥವು, ಹದಿನೇಳು.
ಹದಿನಾರು ನನ್ನವು.
ಒಂದು ಅವಳದು.

ಮಿಲ್ಲು ಮುಚ್ಚಿದ ದಿನ ಹಿಡಿದಿಟ್ಟ ಮಗ್ಗಗಳ ಸದ್ದು,
ಹನ್ನೊಂದು ನಿಮಿಷ, ಅತಿ ಸಣ್ಣ ದನಿಯಲ್ಲಿ.
ಆರು ವರ್ಷದಿಂದ ದಿನಾ ಬೆಳಗ್ಗೆ
ನಾನು ಅದನ್ನು ಫ್ಯಾನಿನ ಗೊರಗೊರ ಅಂದುಕೊಂಡು
ಚಹಾ ಕುಡಿದಿದ್ದೇನೆ.

ದನಿ ಏರಿಸಿ ಪೂರ್ತಿ ಕೇಳಿದಳು.
"ಮೂರನೇ ಸಾಲಿನ ಪಟ್ಟಿ ಸಡಿಲ. ಆಗಲೇ ಹೇಳಿದ್ದೆ ಮೇಸ್ತ್ರಿಗೆ."
ಅಳಿಸುತ್ತಾಳೋ ಎಂದು ನಾನು ಬಾಗಿಲಲ್ಲೇ ನಿಂತಿದ್ದೆ.
"ಕಸ ಅಲ್ಲ ಇದು" ಅಂದಳು, ನನಗಲ್ಲ,
"ಆದರೆ ದಿನಾ ತಾನಾಗಿ ಏಳಬೇಕಾಗಿಯೂ ಇಲ್ಲ."
ಸರಿ ಗುರುತನ್ನಷ್ಟೇ ತೆಗೆದಳು. ಪಟ್ಟಿ ಮುಚ್ಚಿದಳು.

ಈಗ ನೀರಿಗೆ ಬಿಸಿ ಹತ್ತುವ ಮೊದಲೇ ಪರದೆ ಸಿದ್ಧ.
ಇಷ್ಟು ಬೇಗ ಸಿಕ್ಕ ಇಷ್ಟು ಹೊತ್ತನ್ನು ಏನು ಮಾಡುವುದೋ ತಿಳಿಯದೆ,
ಹಸಿರು ಸ್ವೆಟರ್ ತೊಟ್ಟು, ಪೆಟ್ಟಿಗೆಯಿಂದ ಒಂದು ಮಾರು ದೂರ ಕೂತು,
ಗಿಳಿಯಿಲ್ಲದ ಮನುಷ್ಯ
ಕಿಟಕಿಯಾಚೆ ಕತ್ತು ಚಾಚುತ್ತೇನೆ:
ತುಂತುರು. ಕೊಡೆ ಬೇಕು.