ಎಡವುವ ಜಾಗ

ಗಿಟಾರಿಗೆ ಬಲಗೈಯ ಉಗುರು ಬೇಕು.
ಆಸ್ಪತ್ರೆಗೆ ಬೇಡ.
ಸೋಮವಾರ ವಾರ್ಡಿನ ಬಾಗಿಲಲ್ಲಿ
ಮೇಟ್ರನ್ ಕೈ ತಿರುಗಿಸಿ ನೋಡುತ್ತಾಳೆ,
ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು ನೋಡುತ್ತಿದ್ದ ಹಾಗೆ.
ದೀಪ ಹಚ್ಚಿದ ಮೇಲೆ ಉಗುರು ತೆಗೆಯಬಾರದು ಅನ್ನುತ್ತಿದ್ದಳು ಅಜ್ಜಿ.
ಈ ಹಲ್ ಊರಲ್ಲಿ, ಡಿಸೆಂಬರಿನಲ್ಲಿ,
ಮಧ್ಯಾಹ್ನ ಮೂರೂವರೆಗೇ ದೀಪ ಹಚ್ಚುತ್ತಾರೆ.
ಅವಳ ಮಾತು ಮೀರಿ ಕತ್ತರಿಸುತ್ತೇನೆ,
ಬರೀ ಬೆರಳ ತುದಿಯಲ್ಲಿ ಮೀಟುತ್ತೇನೆ
ಹನ್ನೊಂದು ವರ್ಷದಿಂದ.
ಸದ್ದು ಮೆತ್ತಗೆ,
ಕಂಬಳಿಯೊಳಗಿಂದ ಯಾರೋ ಮಾತಾಡಿದ ಹಾಗೆ.

ಕ್ಲಿಫರ್ಡ್ ಸ್ಟಾದರ್ ಹೇಳಿದ್ದು ಒಂದೇ: ನಿಧಾನ.
ಮೀನುಹಡಗಿನ ಇಂಜಿನ್ ರಿಪೇರಿ ಮಾಡುತ್ತಿದ್ದವ,
ಎಡಗೈ ಕಿರುಬೆರಳು ಒಂದು ಗೆಣ್ಣು ಕಡಿಮೆ,
ಆದರೂ ಅದು ಮುಟ್ಟದ ಜಾಗವಿಲ್ಲ.
ನ್ಯೂಲ್ಯಾಂಡ್ ಅವೆನ್ಯೂದಲ್ಲಿ ಬೇಕರಿಯ ಮೇಲಿನ ಕೋಣೆ,
ಮೆಟ್ಟಿಲಿಗೆಲ್ಲ ಬ್ರೆಡ್ಡಿನ ವಾಸನೆ.
ಮೊದಲ ಚಳಿಗಾಲವಿಡೀ ಎಡಗೈ ಮುಟ್ಟಿಸಲಿಲ್ಲ.
ಹೆಬ್ಬೆರಳು, ತೋರು, ನಡು, ಉಂಗುರ.
ಹೆಬ್ಬೆರಳು, ತೋರು, ನಡು, ಉಂಗುರ.
ಬಲಗೈ ಕಿರುಬೆರಳಿಗೆ ಕೆಲಸವೇ ಇಲ್ಲ,
ಮದುವೆಮನೆಯ ದೂರದ ಭಾವನ ಹಾಗೆ
ಸುಮ್ಮನೆ ಜೊತೆಗೆ ಓಡಾಡುತ್ತದೆ.
ಏಪ್ರಿಲಿನಲ್ಲಿ ಕೇಳಿದೆ: ಪಾಠ ಶುರು ಯಾವಾಗ?
ಅವನು ನಕ್ಕು, ಬನ್ ತರಲು ಕೆಳಗೆ ಹೋದ.

ರಾತ್ರಿಪಾಳಿ ಮುಗಿಸಿ ಬರುವ ಹೊತ್ತಿಗೆ
ಕೆನೆಬಣ್ಣದ ಫೋನ್ ಬೂತಿನ ಮೇಲೆ ಕಡಲಹಕ್ಕಿ
ಯಾರದೋ ಚಿಪ್ಸ್ ತಿನ್ನುತ್ತಿರುತ್ತದೆ.
ಕೋಟು ಬಿಚ್ಚದೆ ಕೂರುತ್ತೇನೆ.
ಇಡೀ ರಾತ್ರಿ ಮುದಿ ತೋಳುಗಳಲ್ಲಿ ನರ ಹುಡುಕಿದ ಬೆರಳು
ಈಗ ತಂತಿ ಹುಡುಕುತ್ತದೆ.
ಎರಡೂ ಒಂದೇ: ಒತ್ತಿದರೆ ಜಾರಿಕೊಳ್ಳುತ್ತದೆ.

ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ.
ಗಾದೆಯ ಎರಡನೇ ಅರ್ಧ ನನಗೆ ಸಂಬಳ ಕೊಡುತ್ತದೆ.
ಮೊದಲ ಅರ್ಧಕ್ಕೆ ನಾನು ಕೊಡುತ್ತೇನೆ,
ತಿಂಗಳಿಗೆ ಎಂಬತ್ತು ಪೌಂಡು.

ಹೀಟರು ಉರಿದರೆ ಮರ ಒಣಗುತ್ತದೆ.
ಪೆಟ್ಟಿಗೆಯೊಳಗೆ ಸೋಪಿನ ಡಬ್ಬಿ, ಅದರಲ್ಲಿ ಒದ್ದೆ ಸ್ಪಂಜು,
ಎಳೆಗೂಸಿನ ಹಣೆ ಮುಟ್ಟಿದ ಹಾಗೆ ಮುಟ್ಟಿ ನೋಡಬೇಕು.
ಒಂದು ಫೆಬ್ರವರಿ ಮರೆತೆ.
ನಿದ್ದೆಯಲ್ಲೇ ಕೇಳಿತು, ಟಕ್.
ಕೂದಲೆಳೆಯಷ್ಟು ಬಿರುಕು. ಅಂಟು ಹಾಕಿಸಿದೆ.
ಅಲ್ಲಿ ಬೆಳಕು ಬಿದ್ದರೆ ಈಗಲೂ ಗೊತ್ತಾಗುತ್ತದೆ.

ಒಂದು ಪುಟ. ಅಷ್ಟೇ.
ಮೂರನೇ ಸಾಲಿನ ಕೊನೆಯಲ್ಲಿ ತೋರುಬೆರಳು
ಆರೂ ತಂತಿಗೆ ಅಡ್ಡ ಮಲಗಬೇಕು.
ಮಲಗುವ ಮುಂಚೆ ಅದಕ್ಕೊಂದು ಅನುಮಾನ,
ಹೊಸ ಹಾಸಿಗೆ ಕಂಡ ಅತಿಥಿಯ ಹಾಗೆ.
ಅಲ್ಲಿ ಎಡವುತ್ತೇನೆ. ನಾಲ್ಕು ವರ್ಷ,
ದಿನಾ, ಅದೇ ಕಲ್ಲಿಗೆ ಅದೇ ಹೆಬ್ಬೆಟ್ಟು.

ಒಂದು ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ
ಗೋಡೆಯಾಚೆ ಮನೆಯ ಬೆರಿಲ್
ಚೀಲದಲ್ಲಿ ಪಾಸು ಹುಡುಕುತ್ತಾ ಗುನುಗುತ್ತಿದ್ದಳು.
ಒಂದನೇ ಸಾಲು. ಎರಡನೇ ಸಾಲು.
ಮೂರನೆಯದರ ಕೊನೆಗೆ ತಡೆದಳು,
ಅರೆ ಉಸಿರು ಕಾದಳು,
ಮುಂದೆ ಹೋದಳು.
ನನಗೆ ಮೈ ಬಿಸಿಯಾಯಿತು.
ಅದು ತಪ್ಪು ಎನ್ನಲು ಬಾಯಿ ಬರಲಿಲ್ಲ.

ಹೋದ ಅಕ್ಟೋಬರಿನಲ್ಲಿ, ಏನೂ ವಿಶೇಷವಿಲ್ಲದ ಬುಧವಾರ,
ಬೆರಳು ತಾನೇ ಮಲಗಿತು.
ಮತ್ತೊಮ್ಮೆ ನುಡಿಸಿದೆ. ಮಲಗಿತು.
ಕ್ಲಿಫರ್ಡ್ ಕಣ್ಣು ಮುಚ್ಚಿ ಪೂರ್ತಿ ಕೇಳಿ
ಪುಟ ತಿರುಗಿಸಿದ. ಅಷ್ಟಕ್ಕೇ ಮುಗಿಯಿತು.

ಮರುದಿನ ಕಸದ ಡಬ್ಬಿ ಹೊರಗಿಡುವಾಗ ಬೆರಿಲ್:
ನಿನ್ನೆ ಅದ್ಯಾಕೆ ಲವ್, ನಡುವೆ ಏನೋ ಬಿಟ್ಟೆಯಲ್ಲ,
ಚೆನ್ನಾಗಿತ್ತು ಆ ಜಾಗ.

ಸಂಜೆ ಅವಳಿಗಾಗಿ ಒಮ್ಮೆ ಎಡವಲು ಕೂತೆ.
ಬರಲಿಲ್ಲ. ಬೇಕೆಂದೇ ನಿಂತರೆ
ಅದು ನಿಂತ ಹಾಗಿರುತ್ತದೆ, ಎಡವಿದ ಹಾಗಲ್ಲ.
ಬಿಟ್ಟು, ಎರಡನೇ ಪುಟ ತೆಗೆದೆ.
ಮೊದಲ ಸಾಲಿನಲ್ಲೇ ಮುಗ್ಗರಿಸಿದೆ.
ಗೋಡೆಯಾಚೆ ಟೀವಿಯ ಸದ್ದು
ಸಣ್ಣಗಾಯಿತು.