ಒಂದು ಹನಿ, ಏಳು ಸಲ

ಬಾಟ್ಲಿ ನನ್ನ ಹೆಬ್ಬೆರಳಿಗಿಂತ ಸಣ್ಣದು.
ಮ್ಯಾಲ ಒಂದು ಹಸರ ಎಲಿ, ಕೆಳಗ ‘ಶುದ್ಧ, ನೈಸರ್ಗಿಕ’.
ನೈಸರ್ಗಿಕ ಅಂದಮ್ಯಾಲ ಅಂಜಿಕಿ ಯಾತಕ್ಕ
ಅಂದಿದ್ದೆ ನಾನು.
ಕಣಗಿಲೆಯೂ ನೈಸರ್ಗಿಕನ.
ಅದು ಹೊಳದದ್ದು ಆಮ್ಯಾಲ.

ಮೊದಲನೇ ಥಂಡಿ ಅವತ್ತು. ತಂಗಿ ಹಡದು ನಲವತ್ತನೇ ದಿನ.
ಕೂಸಿನ ಮೂಗು ಗೊರಗೊರ.
ಹೊಲಿಗಿ ಮಷಿನ್ನಿನ ಬಾಜೂಕ ಹೊಸಾ ಡಿಫ್ಯೂಸರ್,
ಹತ್ತು ಹನಿ ಟೀ ಟ್ರೀ, ಹತ್ತು ಹನಿ ನೀಲಗಿರಿ,
ಗಾಳಿ ಬರಬಾರದಂತ ಕಿಡಕಿ ಹಾಕಿ,
ಬಾಗಲ ಸಂದಿಗೆ ಹಳೇ ಕೌದಿ ತುರುಕಿ,
ಬೆಳ್ಳಗ ಹೊಗಿ ಏಳೂದನ್ನ
ಇಬ್ಬರೂ ಕೈ ಕಟಗೊಂಡು ನೋಡಿದ್ವಿ.

ಜೀರಿಗಿ ಬಾಗಲ ಕೆರೀತಿತ್ತು.
ಕೌದಿ ಅಂಚು ಕೆರೀತಿತ್ತು.
ಬೆಕ್ಕಿನ ನಖರಾ ಅಂದೆ.

ರೀಲು ತಗೋಳಾಕ ಎದ್ದಾಗ ಸೆರಗು ತಾಗಿ
ಬಾಟ್ಲಿ ಉರುಳಿತು. ಜಂಪರ್ ತುಂಡಿಲೆ ಒರಸಿದೆ.
ಒರಸಿದ್ದು ನನ್ನ ಕಣ್ಣಿಗೆ ಕಂಡಷ್ಟು.
ಉಳದದ್ದರ ಮ್ಯಾಲ ಜೀರಿಗಿ ನಡದು ಹೋತು,
ಮೂಲ್ಯಾಗ ಕೂತು,
ಚೊಕ್ಕಟತನದ ಹುಚ್ಚು ಅದಕ್ಕ,
ಒಂದೊಂದ ಬೆರಳು ಬಿಡಿಸಿ
ಪೂರಾ ನೆಕ್ಕಿತು.

ದೀಪ ಹಚ್ಚೂ ಹೊತ್ತಿಗೆ ಬಾಯಿಂದ ಜೊಲ್ಲಿನ ಎಳಿ.
ಹಿಂದಿನ ಕಾಲು ನಡಗತಿದ್ವು,
ಎಂಟು ವರ್ಷ ಓಡ್ಯಾಡಿದ ನೆಲ
ಇವತ್ತ ಯಾರದೋ ಅನ್ನೂವಂಗ ನಿಂತಿತು.
ಮಜ್ಜಿಗಿ ಕುಡಸು ಅಂದ್ರು ಶಾವಂತ್ರಕ್ಕ ಗ್ವಾಡಿ ಆಚಿಂದ,
ಗಂಟಲಾಗ ಬೆರಳ ಹಾಕಿ ಕಾರಸು ಅಂದ್ರು.
ದನದ ದವಾಖಾನಿಗೆ ಫೋನ್ ಹಚ್ಚಿದೆ:
‘ಕಾರಸಬ್ಯಾಡ್ರಿ, ಏನೂ ಕುಡಸಬ್ಯಾಡ್ರಿ.
ಭಾಂಡೆ ತಿಕ್ಕೂ ಸಾಬಾನಿಲೆ ಕಾಲು ತೊಳೀರಿ,
ಅರಿವ್ಯಾಗ ಸುತಗೊಂಡು ಈಗ ಬರ್ರಿ.
ಆ ಬಾಟ್ಲಿನೂ ತರ್ರಿ.’

ಗಿರಾಕಿ ಜಂಪರ್ ಒಯ್ಯೂ ಚೀಲದಾಗ ಜೀರಿಗಿ,
ನನ್ನ ಮುಷ್ಟ್ಯಾಗ ಬಾಟ್ಲಿ,
ಆಟೋ ಗಾಂಧಿ ಚೌಕಿನ್ಯಾಗ ಸಿಕ್ಕು ನಿಂತಾಗ
ನಾನು ಚೀಲದೊಳಗ ಉಸರ ಎಣಸತಿದ್ದೆ.

ಸುಜಿ ಚುಚ್ಚಿ, ಬಾಟ್ಲಿ ಬೆಳಕಿಗೆ ಹಿಡದು,
ಡಾಕ್ಟರ ಬಾಯಾರು ಅಂದ್ರು:
‘ಮನಷಾರ ಯಕೃತ್ತು ಅರಗಸೂದನ್ನ
ಬೆಕ್ಕಿಂದು ಅರಗಸೂದಿಲ್ಲವಾ.’
ಆಮ್ಯಾಲ ನನ್ನ ಹೆಗಲಮ್ಯಾಲಿನ
ಹಾಲಿನ ಕಲಿ ನೋಡಿದ್ರು.
‘ಮನ್ಯಾಗ ಕೂಸು ಅದ ಏನು?’

ಬೆಕ್ಕು ಅಲ್ಲೇ ಮೇಜಿನ ಮ್ಯಾಲ.
ನಾನು ಅಂಗಳಕ್ಕ ಓಡಿ ಫೋನಿನಾಗ ಒದರಿದೆ:
ಕಿಡಕಿ ತಗೀ. ಅದನ್ನ ಬಂದ ಮಾಡು.
ಕೂಸನ್ನ ಹೊರಗ ತಾ.
ಕೌದಿ ಒಗದು ಬಿಡು, ತಗೀ ಬಾಗಲ!

ಕೂಸಿಗೆ ಏನೂ ಆಗಿರಲಿಲ್ಲ.
ಅದರ ಮೂಗಿಗೆ ಬೇಕಾಗಿದ್ದದ್ದು
ಎರಡು ಹನಿ ಉಪ್ಪುನೀರು, ಅಂದ್ರು ಮಕ್ಕಳ ಡಾಕ್ಟರು.
ಎರಡು ರಾತ್ರಿ ಕಳದು
ಜೀರಿಗಿ ದವಾಖಾನಿ ಸಿಬ್ಬಂದಿಯ ಡಬ್ಬಿಗೆ ಬಾಯಿ ಹಾಕಿತಂತ,
ಕರಕೊಂಡು ಹೋಗ್ರಿ ಅಂದ್ರು.

ಬರೂ ದಾರ್‍ಯಾಗ ಖಾಜಾಸಾಬ ಅತ್ತಾರರ ಅಂಗಡಿ.
ಐವತ್ತು ವರ್ಷ ಗುಲಾಬಿ, ಖಸ್ ಮಾರಿದ ಮನಷಾ.
‘ಗೋಳಗುಮ್ಮಟದಾಗ ಕೂಗೀದೇನ ಬೇಟಿ?
ಒಂದ ಕೂಗಿದ್ರ ಏಳ ಸಲ.
ಮುಚ್ಚಿದ ಖೋಲ್ಯಾಗ ಹನಿನೂ ಹಂಗ.
ನಿನಗ ಒಂದ ಕೇಳತದ,
ಬೆಕ್ಕಿಗೆ ಏಳೂ ಕೇಳತಾವ.
ನೀ ಇಪ್ಪತ್ತು ಸಲ ಕೂಗಿ,
ಮ್ಯಾಲ ಬಾಗಲಾ ಹಾಕೀದಿ.’
ಅವರ ಮನ್ಯಾಗ ಗಿಳಿ ಅದ.
ಅಂಗಡಿ ಅಂಗಿ ಪಡಸಾಲ್ಯಾಗ ಕಳದು,
ಕೈ ತೊಳದು ಒಳಗ ಹೋಗತಾರಂತ,
ದಿನಾ.

ಈಗ ಬಾಟ್ಲಿ ಟ್ರಂಕಿನ ತಳದಾಗ, ಕೀಲಿ ನನ್ನ ಕೊರಳಾಗ.
ಮಷಿನ್ ತುಳದು ಹೆಗಲ ಹಿಡದ ರಾತ್ರಿ
ಎರಡ ಚಮಚೆ ಕೊಬ್ಬರಿ ಎಣ್ಯಾಗ ಒಂದ ಹನಿ.
ಹಚಗೊಂಡು, ಕೈ ಎರಡ ಸಲ ತೊಳದು,
ಆ ರಾತ್ರಿ ಕೂಸನ್ನ ಎತಗೊಳ್ಳೂದಿಲ್ಲ,
ಬ್ಯಾರೇ ಖೋಲ್ಯಾಗ ಮಲಗತೀನಿ, ಕಿಡಕಿ ತಗದು.

ಜೀರಿಗಿ ಮೊದಲಿನಂಗ ಧಡಕ್ಕನ ತೊಡಿ ಏರೂದಿಲ್ಲ.
ದೂರದಾಗ ಕೂತು ಮೂಗು ಚಾಚತದ,
ನನ್ನ ಬೆರಳ ಒಂದೊಂದಾಗಿ
ಮೂಸಿ ನೋಡತದ.

ಮೂಸಲಿ.
ನಾ ಕೈ ಚಾಚಿ ಕೂತೀನಿ.